ಮೆಟ್ಟಿಲಿಲ್ಲದ ಬಾತ್‌ರೂಮು: ದಕ್ಷಿಣ ಬೆಂಗಳೂರಿನ ಒಂದು ಮನೆಯ ಪ್ಲಂಬಿಂಗ್ ಪ್ರಕರಣ

ಹಿನ್ನೆಲೆ

ಇದು ದಕ್ಷಿಣ ಬೆಂಗಳೂರಿನ ಹಳೆಯ ಬಡಾವಣೆಯೊಂದರ ಮನೆ. ಗುರುತು ಸಿಗಬಾರದೆಂದು ಹೆಸರುಗಳನ್ನೆಲ್ಲ ಬಿಟ್ಟಿದ್ದೇನೆ, ಮನೆಯವರ ಬಗ್ಗೆ ಕೆಲವು ಸಣ್ಣಪುಟ್ಟ ವಿವರ ಬದಲಾಯಿಸಿದ್ದೇನೆ. ಅಳತೆಗಳನ್ನು ಮಾತ್ರ ಮುಟ್ಟಿಲ್ಲ. ಈ ಪ್ರಕರಣದ ಜೀವವೆಲ್ಲ ಇರುವುದು ಆ ಇಂಚುಗಳಲ್ಲೇ.

40×60 ಸೈಟು. 1990ರ ದಶಕದಲ್ಲಿ ಕಟ್ಟಿದ 12 ಚದರದ ಮನೆ. ಮೇಲೆ ಟೆರೇಸಿನಲ್ಲಿ ಒಂದು ಒಂಟಿ ರೂಮು. ಮನೆಯಲ್ಲಿ ಮಗಳು, ಅಳಿಯ, ಕಾಲೇಜಿಗೆ ಹೋಗುವ ಮೊಮ್ಮಗ, ಮತ್ತು ಎಂಬತ್ತರ ಹತ್ತಿರದ ತಂದೆ. ಟೆರೇಸಿನ ರೂಮು ತಂದೆಯವರದು. ಜಾರಿ ಬಿದ್ದು ಸೊಂಟದ ಮೂಳೆ ಮುರಿದು, ಆಪರೇಷನ್ ಆಗಿ, ಕೈಗೆ ವಾಕರ್ ಬಂದ ಮೇಲೆ ಮಹಡಿ ಹತ್ತುವುದು ನಿಂತಿತು. ಹಾಲಿನ ದಿವಾನ್ ಮೇಲೆ ಮಲಗುತ್ತಿದ್ದರು. ಕೆಳಗಿದ್ದ ಒಂದೇ ಬಾತ್‌ರೂಮಿನ ಬಾಗಿಲು ಎರಡೂಕಾಲು ಅಡಿ ಅಗಲ, ಒಳಗೆ ನಾಲ್ಕಿಂಚು ಇಳಿತ. ವಾಕರ್ ಒಳಗೆ ಹೋಗುತ್ತಿರಲಿಲ್ಲ. ರಾತ್ರಿ ಎರಡು ಗಂಟೆಗೂ ಯಾರಾದರೂ ಎದ್ದು ಕೈ ಹಿಡಿಯಬೇಕು.

ಹಿತ್ತಲಲ್ಲಿ ಬಟ್ಟೆ ಒಗೆಯುವ ಕಲ್ಲು, ಒಂದು ಶೀಟ್ ಶೆಡ್ಡು ಇತ್ತು. ಹಿಂದೆ ಬಿಡಬೇಕಾದ ಜಾಗ ಬಿಟ್ಟು, ನಕ್ಷೆಗೆ ಅನುಮತಿ ಪಡೆದು, ಅಲ್ಲಿ 12×10 ಅಡಿಯ ರೂಮು, ಅದಕ್ಕೆ ಅಂಟಿಕೊಂಡು 8×6 ಅಡಿಯ ಬಾತ್‌ರೂಮು ಕಟ್ಟುವುದೆಂದು ತೀರ್ಮಾನವಾಗಿತ್ತು. ನಾನು ಇಂಥ ಸಣ್ಣ ಮನೆ ಕೆಲಸಗಳನ್ನೇ ಮಾಡಿಸುವ ಎಂಜಿನಿಯರ್. ನನ್ನನ್ನು ಕರೆದಾಗ ಪಾಯ ಅಗೆದು ಆಗಿತ್ತು. ಟೈಲ್ಸ್ ಆರಿಸಿದ್ದರು, ಬಿಸಿನೀರು ತಣ್ಣೀರು ಬೆರೆಸುವ ಮಿಕ್ಸರ್ ನಲ್ಲಿ ಆರಿಸಿದ್ದರು, ಗೋಡೆಗೆ ಬಣ್ಣ ಕೂಡ ಆರಿಸಿದ್ದರು. ಕೊಳೆ ನೀರು ಯಾವ ದಾರಿಯಲ್ಲಿ ಹೊರಗೆ ಹೋಗುತ್ತದೆ ಎನ್ನುವ ಮಾತು ಮಾತ್ರ ಇನ್ನೂ ಎದ್ದಿರಲಿಲ್ಲ. ನಮ್ಮೂರಿನ ಹೆಚ್ಚಿನ ಮನೆಗಳಲ್ಲಿ ಹೀಗೇ ಆಗುತ್ತದೆ. ನಲ್ಲಿ ಕಣ್ಣಿಗೆ ಕಾಣುತ್ತದೆ, ಕೊಳೆ ನೀರು ಸೇರುವ ನೆಲದಡಿಯ ಚೇಂಬರ್ ಕಾಣುವುದಿಲ್ಲ.

ಸಮಸ್ಯೆ: ನಾಲ್ಕಿಂಚಿನ ಜಗಳ

ಹೊಸ ಬಾತ್‌ರೂಮು ಹಿತ್ತಲಲ್ಲಿ. ಯುಜಿಡಿ, ಅಂದರೆ ಒಳಚರಂಡಿ, ಕನೆಕ್ಷನ್ ಮನೆಯ ಮುಂದೆ, ರಸ್ತೆಯಲ್ಲಿ. ನಡುವೆ ಪಕ್ಕದ ಓಣಿಯಲ್ಲಿ, ಅಡುಗೆಮನೆ ಮತ್ತು ಹಳೆ ಬಾತ್‌ರೂಮಿನ ನೀರು ಸೇರುವ ಒಂದು ಚೇಂಬರ್. ಅಲ್ಲಿಂದ ಪೋರ್ಟಿಕೋದ ಚೇಂಬರಿಗೆ, ಅಲ್ಲಿಂದ ರಸ್ತೆಗೆ.

ಮೇಸ್ತ್ರಿ ತಮ್ಮ ಲೆಕ್ಕ ಹೇಳಿದರು. "ಸಾರ್, ಓಣಿ ಚೇಂಬರ್ ಜಾಸ್ತಿ ಆಳ ಇಲ್ಲ. ಬಾತ್‌ರೂಮಿನ ನೆಲ ಆರಿಂಚು ಎತ್ತಿಬಿಡೋಣ. ಒಂದು ಮೆಟ್ಟಿಲು ಬರುತ್ತೆ ಅಷ್ಟೇ."

ಪಕ್ಕದಲ್ಲೇ ಕುರ್ಚಿ ಹಾಕಿಕೊಂಡು ಕೂತಿದ್ದ ತಂದೆ ಕೇಳಿಸಿಕೊಂಡರು. "ಮೆಟ್ಟಿಲು ಹತ್ತೋಕಾಗಲ್ಲ ಅಂತ ತಾನೇ ಈ ರೂಮು ಕಟ್ಟಿಸ್ತಿರೋದು? ಅದರೊಳಗೂ ಮೆಟ್ಟಿಲು ಅಂದ್ರೆ ಹೇಗಪ್ಪಾ?"

ಇಡೀ ಕೆಲಸದ ಗುರಿ ಆ ಒಂದು ಮಾತಿನಲ್ಲಿತ್ತು. ಅಂದಿನಿಂದ ಯಾವ ತೀರ್ಮಾನ ಬಂದರೂ ನಾವು ಮೊದಲು ನೋಡಿದ್ದು ಒಂದೇ: ಇದರಿಂದ ಮೆಟ್ಟಿಲು ಬರುತ್ತದೋ ಇಲ್ಲವೋ?

ಹಾಗಂತ ಮೇಸ್ತ್ರಿ ಹೇಳಿದ್ದು ತಪ್ಪಲ್ಲ. ಅವರ ಲೆಕ್ಕ ನೋಡಿ. ಮನೆಯ ನೆಲವನ್ನು ಸೊನ್ನೆ ಅಂತ ಇಟ್ಟುಕೊಳ್ಳೋಣ. ಎಲ್ಲರೂ ಕಮೋಡ್ ಬಗ್ಗೆ ಯೋಚಿಸುತ್ತಾರೆ, ಆದರೆ ಮಟ್ಟ ನಿರ್ಧರಿಸುವುದು ಕಮೋಡ್ ಅಲ್ಲ. ಪಿ ಟ್ರ್ಯಾಪ್ ಕಮೋಡಿನ, ಅಂದರೆ ಹಿಂದಿನ ಗೋಡೆಯ ಕಡೆಗೆ ನೀರು ಬಿಡುವ ಕಮೋಡಿನ, ಬಾಯಿ ನೆಲದಿಂದ ಸುಮಾರು ಏಳಿಂಚು ಮೇಲೇ ಇರುತ್ತದೆ, ಗೋಡೆ ತೂರಿ ಹೊರಗೆ ಕಳಿಸಬಹುದು. ಕಷ್ಟ ಇರುವುದು ನೆಲದ ಜಾಲರಿಯ ಕೆಳಗೆ ಕೂರುವ ನಹಾನಿ ಟ್ರ್ಯಾಪಿನದು. ಬಾಗಿಲಿಂದ ಸ್ನಾನದ ಮೂಲೆಗೆ ಒಂದಿಂಚು ಇಳಿಜಾರು ಬೇಕು. ಟ್ರ್ಯಾಪಿನೊಳಗೆ ವಾಸನೆ ತಡೆಯಲು ಎರಡಿಂಚು ನೀರು ನಿಲ್ಲಬೇಕು. ಅದರ ಒಡಲು, ಬೆಂಡು, ಗೋಡೆಯವರೆಗಿನ ಪೈಪಿನ ಇಳಿತ ಎಲ್ಲ ಸೇರಿ, ಪೈಪು ಹೊರಗೆ ಬರುವಾಗ ಅದರ ತಳ ನೆಲದಿಂದ 12 ಇಂಚು ಕೆಳಗಿರುತ್ತದೆ.

ಅಲ್ಲಿಂದ ಓಣಿ ಚೇಂಬರಿಗೆ 24 ಅಡಿ. ಕೊಳೆ ಪೈಪಿಗೆ ಹತ್ತಡಿಗೆ ಮೂರಿಂಚು ಇಳಿಜಾರು ಕೊಡುವುದು ರೂಢಿ. ಜಾಗ ಇಲ್ಲದಿದ್ದರೆ ಹತ್ತಡಿಗೆ ಎರಡಿಂಚಿಗೆ ಇಳಿಸಬಹುದು. ಮೂರಿಂಚಿನ ಲೆಕ್ಕದಲ್ಲಿ 24 ಅಡಿಗೆ ಏಳಿಂಚು ಚಿಲ್ಲರೆ. ಅಂದರೆ ಪೈಪು ಚೇಂಬರಿಗೆ ಬರುವಾಗ 19 ಇಂಚು ಕೆಳಗಿರಬೇಕು. ಓಣಿ ಚೇಂಬರಿನ ತಳವೋ 15 ಇಂಚಿಗೇ ಮುಗಿದುಹೋಗಿತ್ತು. ನಾಲ್ಕಿಂಚು ಕೊರತೆ. ಇಳಿಜಾರನ್ನು ಎರಡಿಂಚಿಗೆ ಇಳಿಸಿದರೂ ಸುಮಾರು ಎರಡಿಂಚು ಕಡಿಮೆ ಬೀಳುತ್ತಿತ್ತು. ಮೇಸ್ತ್ರಿ ಆರಿಂಚು ಎತ್ತೋಣ ಅಂದಿದ್ದು ಇದಕ್ಕೇ.

ಯೋಚಿಸಿದ ದಾರಿಗಳು

ಮೊದಲು ಬಂದಿದ್ದು ರ‍್ಯಾಂಪ್. ಆರಿಂಚು ಎತ್ತರಕ್ಕೆ ವಾಕರ್ ಸಲೀಸಾಗಿ ಏರಬೇಕಾದರೆ ಕನಿಷ್ಠ ಆರಡಿ ಉದ್ದದ ರ‍್ಯಾಂಪ್ ಬೇಕು. 12 ಅಡಿ ರೂಮಿನಲ್ಲಿ ಆರಡಿ ರ‍್ಯಾಂಪಿಗೇ ಹೋದರೆ ಮಂಚ ಎಲ್ಲಿಡುವುದು? ಮೇಲಾಗಿ ಒದ್ದೆ ಕಾಲಲ್ಲಿ ಇಳಿಜಾರಿನಲ್ಲಿ ಇಳಿಯುವುದು ಆ ವಯಸ್ಸಿನವರಿಗೆ ಮೆಟ್ಟಿಲಿಗಿಂತ ಅಪಾಯ. ಅದನ್ನು ಅಲ್ಲಿಗೇ ಬಿಟ್ಟೆವು.

ಅಳಿಯ ಮಲವನ್ನು ಅರೆದು ಪಂಪ್ ಮಾಡುವ ಮಷೀನಿನ ವಿಷಯ ತಂದರು. ಅದಿದ್ದರೆ ಇಳಿಜಾರಿನ ತಲೆನೋವೇ ಇಲ್ಲ, ನಿಜ. ಆದರೆ ಕರೆಂಟ್ ಹೋದಾಗ ಏನು ಮಾಡುವುದು? ರಾತ್ರಿ ಫ್ಲಶ್ ಮಾಡಿದಾಗಲೆಲ್ಲ ಹಾಸಿಗೆಯ ಪಕ್ಕದ ಗೋಡೆಯಲ್ಲಿ ಮೋಟಾರು ಸದ್ದು. ಗುರುತ್ವಾಕರ್ಷಣೆ ಪುಕ್ಕಟೆ ಮಾಡುವ ಕೆಲಸವನ್ನು ಮೋಟಾರಿಗೆ ಒಪ್ಪಿಸುವುದು ಬೇರೆ ದಾರಿಯೇ ಇಲ್ಲದಾಗ ಮಾತ್ರ ಅನ್ನುವುದು ನನ್ನ ಅಭಿಪ್ರಾಯ.

ಪ್ಲಂಬರ್ ಇನ್ನೊಂದು ದಾರಿ ತೋರಿಸಿದರು. ಓಣಿ ಬಿಟ್ಟು ಮನೆಯ ಇನ್ನೊಂದು ಪಕ್ಕದಿಂದ ನೇರವಾಗಿ ಪೋರ್ಟಿಕೋಗೆ ಹೊಸ ಲೈನ್. ಕಾಗದದ ಮೇಲೆ ಚೆನ್ನಾಗಿತ್ತು. ಆದರೆ ಆ ಪಕ್ಕದಲ್ಲಿ ಸಂಪು ಇತ್ತು. ಹಳೆಯ ಇಟ್ಟಿಗೆ ಸಂಪು, ಗೋಡೆಗೆ ಮೂವತ್ತು ವರ್ಷ ವಯಸ್ಸು. ಕೊಳೆ ಪೈಪು ಅದರ ಗೋಡೆಯನ್ನು ಒರೆಸಿಕೊಂಡೇ ಹೋಗಬೇಕಿತ್ತು. ಒಂದು ಜಾಯಿಂಟ್ ಸೋರಿದರೂ ಮಣ್ಣಿನ ಮೂಲಕ ಸಂಪಿಗೆ ಇಳಿಯುತ್ತದೆ, ನೀರು ಕೆಟ್ಟಿದ್ದು ಮನೆಯವರ ಹೊಟ್ಟೆ ಕೆಟ್ಟ ಮೇಲೇ ಗೊತ್ತಾಗುತ್ತದೆ. ತೊರೆಕಾಡನಹಳ್ಳಿಯಿಂದ ಸುಮಾರು 100 ಕಿಲೋಮೀಟರ್ ಪಂಪ್ ಆಗಿ ಬರುವ ಕಾವೇರಿ ನೀರನ್ನು ನಮ್ಮ ಮನೆ ಬಾಗಿಲಲ್ಲಿ ನಾವೇ ಹಾಳು ಮಾಡಿಕೊಳ್ಳುವುದು ಬೇಡ ಅಂದೆ. ಮಗಳು ತಕ್ಷಣ ಒಪ್ಪಿದರು.

ಮೊದಲ ತಿರುವು: ಮುಚ್ಚಳ ತೆಗೆದು ಅಳೆದದ್ದು

ಅಲ್ಲಿಯವರೆಗೂ ಎಲ್ಲರೂ ಓಣಿ ಚೇಂಬರನ್ನೇ ಆಧಾರ ಮಾಡಿಕೊಂಡು ಮಾತಾಡುತ್ತಿದ್ದೆವು. ಪೋರ್ಟಿಕೋ ಚೇಂಬರಿನ ಆಳವನ್ನು ಯಾರೂ ನೋಡಿರಲಿಲ್ಲ. ಅದರ ಮೇಲೆ ವರ್ಷಗಳಿಂದ ತುಳಸಿ ಕುಂಡ ಕೂತಿತ್ತು.

ಕುಂಡ ಸರಿಸಿ, ಹಾರೆ ಹಾಕಿ ಮುಚ್ಚಳ ಎತ್ತಿಸಿದೆವು. ಮೇಸ್ತ್ರಿಯ ಹುಡುಗರು ಲೆವೆಲ್ ಟ್ಯೂಬ್ ಹಿಡಿದರು. ಪಾರದರ್ಶಕ ಪೈಪಿನಲ್ಲಿ ನೀರು ತುಂಬಿ, ಒಂದು ತುದಿ ಮನೆಯ ಹೊಸ್ತಿಲಿಗೆ, ಇನ್ನೊಂದು ತುದಿ ಚೇಂಬರಿಗೆ. ಗಾಳಿ ಗುಳ್ಳೆ ಇಲ್ಲದಂತೆ ನೋಡಿಕೊಂಡರೆ ಇದಕ್ಕಿಂತ ನಂಬಿಕಸ್ತ ಸಾಧನ ಮನೆ ಕೆಲಸಕ್ಕೆ ಬೇಕಿಲ್ಲ. ರಸ್ತೆಗೆ ಹೋಗುವ ಪೈಪಿನ ತಳ ಮನೆ ನೆಲದಿಂದ 31 ಇಂಚು ಕೆಳಗಿತ್ತು.

ಓಣಿ ಚೇಂಬರಿಂದ ಪೋರ್ಟಿಕೋಗೆ 30 ಅಡಿ. ಹತ್ತಡಿಗೆ ಮೂರಿಂಚಿನಂತೆ ಒಂಬತ್ತಿಂಚು ಬೇಕು. ಓಣಿ ಚೇಂಬರನ್ನು 19 ಇಂಚಿಗೆ ಇಳಿಸಿದರೆ ಪೋರ್ಟಿಕೋಗೆ ಬರುವಾಗ 28. ಇರುವುದು 31. ಇನ್ನೂ ಮೂರಿಂಚು ಮಿಗುತ್ತದೆ!

ಅಂದರೆ ಅಡ್ಡಿಯಾಗಿದ್ದದ್ದು ಓಣಿ ಚೇಂಬರ್ ಒಂದೇ. ಮೊದಲು ಮನೆ ಕಟ್ಟಿದಾಗ ಹಿತ್ತಲಿಂದ ಲೈನ್ ಬರುತ್ತದೆ ಅಂತ ಯಾರೂ ಅಂದುಕೊಂಡಿರಲಿಲ್ಲ. ಆ ಚೇಂಬರನ್ನು ಎಷ್ಟು ಬೇಕೋ ಅಷ್ಟೇ ಅಗೆದಿದ್ದರು. ಅದನ್ನು ಒಡೆದು ಇಳಿಸಿ, ಮುಂದಿನ 30 ಅಡಿ ಲೈನನ್ನು ಹೊಸದಾಗಿ ಹಾಕಿದರೆ ಬಾತ್‌ರೂಮಿಗೆ ಮೆಟ್ಟಿಲು ಬೇಕಿಲ್ಲ.

ಇದಕ್ಕೆ ಖರ್ಚು ಇತ್ತು. ಓಣಿಯ ಕಾಂಕ್ರೀಟ್ ಒಡೆಯಬೇಕು. ಕೆಲಸ ನಡೆಯುವಾಗ ಹಳೆ ಬಾತ್‌ರೂಮು, ಅಡುಗೆಮನೆ ಸಿಂಕು ಎರಡೂ ಬಂದ್. ಮಗಳು ಆ ಸಂಜೆಯೇ ಟೈಲ್ಸ್ ಅಂಗಡಿಗೆ ಫೋನ್ ಮಾಡಿ, ಗೋಡೆಯ ಟೈಲ್ಸ್ ಸೂರಿನವರೆಗೆ ಬೇಡ, ಏಳಡಿಗೆ ಸಾಕು ಅಂದರು. ಆ ಹಣ ನೆಲದ ಕೆಳಗೆ ಹೋಯಿತು. ಇಡೀ ಕೆಲಸದಲ್ಲಿ ನನಗೆ ಅತಿ ಮೆಚ್ಚುಗೆಯಾದ ತೀರ್ಮಾನ ಅದು.

ಓಣಿ ಅಗೆದಾಗ ಇನ್ನೊಂದು ವಿಷಯ ಹೊರಬಂತು. ಹಳೆಯ ಲೈನ್ ಸ್ಟೋನ್‌ವೇರ್ (ಸುಟ್ಟ ಜೇಡಿಮಣ್ಣಿನ) ಪೈಪಿನದು, ಎರಡೆರಡು ಅಡಿಗೆ ಸಿಮೆಂಟ್ ಜಾಯಿಂಟ್. ಓಣಿಯ ಮೂಲೆಯಲ್ಲಿದ್ದ ಕರಿಬೇವಿನ ಗಿಡದ ಬೇರು ಒಂದು ಜಾಯಿಂಟಿನಲ್ಲಿ ನುಗ್ಗಿತ್ತು. ಪೈಪು ಒಡೆದು ನೋಡಿದರೆ ಒಳಗೆ ಬೇರು ತಲೆಗೂದಲಿನ ಗಂಟಿನ ಹಾಗೆ ತುಂಬಿಕೊಂಡಿತ್ತು, ಅದಕ್ಕೆ ಅಡುಗೆಮನೆಯ ಜಿಡ್ಡು ಮೆತ್ತಿ ಗಟ್ಟಿಯಾಗಿತ್ತು. ಹಳೆ ಬಾತ್‌ರೂಮಿನಲ್ಲಿ ನೀರು ನಿಧಾನ ಇಳಿಯುತ್ತದೆ ಅಂತ ಮನೆಯವರು ವರ್ಷಗಟ್ಟಲೆ ಆಸಿಡ್ ಸುರಿಯುತ್ತಿದ್ದರು. ಕಾರಣ ಇದು. ಮೇಸ್ತ್ರಿಯ ಮೊದಲಿನ ಯೋಜನೆಯಂತೆ ನೆಲ ಎತ್ತಿ, ಹೊಸ ಬಾತ್‌ರೂಮಿನ ನೀರನ್ನೂ ಇದೇ ಪೈಪಿಗೆ ಸೇರಿಸಿದ್ದರೆ ಮೆಟ್ಟಿಲೂ ಇರುತ್ತಿತ್ತು, ಕಟ್ಟಿಕೊಳ್ಳುವುದೂ ಇರುತ್ತಿತ್ತು.

ಹೊಸ ಲೈನನ್ನು 110 ಎಂಎಂ ಪಿವಿಸಿಯಲ್ಲಿ ಹಾಕಿದೆವು. ಕಮೋಡಿನ ಲೈನ್ ನೇರ ಚೇಂಬರಿಗೆ. ಸ್ನಾನದ ನೀರು, ಬೇಸಿನ್ ನೀರು 75 ಎಂಎಂ ಪೈಪಿನಲ್ಲಿ, ಹೊರಗೆ ವಾಸನೆ ತಡೆಯಲು ಇಡುವ ಗಲ್ಲಿ ಟ್ರ್ಯಾಪಿಗೆ ಬಂದು ಆಮೇಲೆ ಚೇಂಬರಿಗೆ. ಲೈನಿನ ತಲೆಯಲ್ಲಿ, ಹಿತ್ತಲ ಗೋಡೆಗೆ ಟೆರೇಸಿಗಿಂತ ಎತ್ತರಕ್ಕೆ, ಬಾಯಿ ಗಾಳಿಗೆ ತೆರೆದ ಒಂದು ವೆಂಟ್ ಪೈಪ್. ಇದರ ಖರ್ಚು ಉಳಿಸಲು ಹೋಗುವವರು ಬಹಳ. ವೆಂಟ್ ಇಲ್ಲದಿದ್ದರೆ ಕಮೋಡ್ ಫ್ಲಶ್ ಆದಾಗ ಲೈನಿನಲ್ಲಿ ಹುಟ್ಟುವ ಎಳೆತಕ್ಕೆ ಟ್ರ್ಯಾಪಿನ ನೀರೇ ಖಾಲಿಯಾಗಬಹುದು. ಆಮೇಲೆ ಎಷ್ಟು ತೊಳೆದರೂ ರೂಮಿನಲ್ಲಿ ವಾಸನೆ. ಅಲ್ಲಿ ಮಲಗುವವರು ಇಡೀ ದಿನ ಅದೇ ರೂಮಿನಲ್ಲಿರುವವರು, ಅಲ್ವಾ?

ಎರಡನೇ ತಿರುವು: ರಸ್ತೆ ಪೋರ್ಟಿಕೋಗಿಂತ ಎತ್ತರ ಬೆಳೆದದ್ದು

ಪೋರ್ಟಿಕೋದಲ್ಲಿ ಲೆವೆಲ್ ಹಿಡಿದಾಗಲೇ ಮೇಸ್ತ್ರಿ ಒಂದು ಮಾತು ಅಂದಿದ್ದರು. "ಸಾರ್, ಈ ಮನೆಗೆ ಮೊದಲು ಮೂರು ಮೆಟ್ಟಿಲಿತ್ತಂತೆ. ಈಗ ಒಂದೇ ಇದೆ ನೋಡಿ." ಮನೆ ಕುಸಿದಿಲ್ಲ. ಡಾಂಬರಿನ ಮೇಲೆ ಡಾಂಬರು ಹಾಕಿ ಹಾಕಿ ರಸ್ತೆ ಮೇಲೆ ಬಂದಿದೆ. ಬೆಂಗಳೂರಿನ ಹಳೆ ಬಡಾವಣೆಗಳಲ್ಲಿ ಇದು ಬೀದಿಬೀದಿಗೂ ಕಾಣುವ ದೃಶ್ಯ.

ಇದರ ಅರ್ಥ ಪ್ಲಂಬಿಂಗಿಗೆ ಏನು? ಜೋರು ಮಳೆಯಲ್ಲಿ ರಸ್ತೆಯ ಒಳಚರಂಡಿ ತುಂಬಿ ಅಥವಾ ಕಟ್ಟಿಕೊಂಡು ನಿಂತಾಗ, ಕೊಳಚೆ ಪೈಪಿನಲ್ಲಿ ಹಿಂದಕ್ಕೆ ಏರುತ್ತದೆ. ಎಲ್ಲಿ ತಗ್ಗಾದ ಬಾಯಿ ಸಿಗುತ್ತದೋ ಅಲ್ಲಿ ಉಕ್ಕುತ್ತದೆ. ಹಾಗಾಗಿ ರಸ್ತೆಯ ಲೈನಿನಲ್ಲಿ ನಮ್ಮ ಕನೆಕ್ಷನ್‌ಗಿಂತ ಮೊದಲು, ನೀರು ಹರಿದು ಬರುವ ಕಡೆ ಇರುವ ಮ್ಯಾನ್‌ಹೋಲ್ ಮುಚ್ಚಳಕ್ಕೂ ನಮ್ಮ ನೆಲಕ್ಕೂ ಮಟ್ಟ ಹಿಡಿದು ನೋಡಬೇಕು. ಹಿಡಿದೆವು. ಮನೆಯ ನೆಲ ಮ್ಯಾನ್‌ಹೋಲಿಗಿಂತ ಬರೀ ಎರಡಿಂಚು ಮೇಲಿತ್ತು. ಬಾತ್‌ರೂಮಿನ ಜಾಲರಿ ಒಂದಿಂಚು ಮೇಲೆ. ಪೋರ್ಟಿಕೋದ ನೆಲವಂತೂ ಮನೆಗಿಂತ ಆರಿಂಚು ತಗ್ಗು, ಅಂದರೆ ಮ್ಯಾನ್‌ಹೋಲಿಗಿಂತ ನಾಲ್ಕಿಂಚು ಕೆಳಗೆ. ರಸ್ತೆಯಲ್ಲಿ ಉಕ್ಕುವ ಮೊದಲೇ ಕೊಳಚೆ ಪೋರ್ಟಿಕೋ ಚೇಂಬರಿನಲ್ಲಿ ಉಕ್ಕುತ್ತದೆ. ಸಂಪಿನ ಬಾಯಿ ಅಲ್ಲೇ ಹತ್ತಿರ.

ಈ ಒಂದು ವಿಷಯದಲ್ಲಿ ಮೇಸ್ತ್ರಿಯ ಆರಿಂಚು ಎತ್ತರ ನಮ್ಮದಕ್ಕಿಂತ ಸುರಕ್ಷಿತವಾಗಿತ್ತು. ಅದನ್ನು ಬಿಟ್ಟುಕೊಟ್ಟ ಮೇಲೆ ಅದರ ಬದಲಿಗೆ ಏನಾದರೂ ಮಾಡಲೇಬೇಕಿತ್ತು. ಪೋರ್ಟಿಕೋ ಚೇಂಬರಿನಿಂದ ರಸ್ತೆಗೆ ಹೋಗುವ ಬಾಯಲ್ಲಿ ನಾನ್ ರಿಟರ್ನ್ ವಾಲ್ವ್ ಹಾಕುವುದೆಂದಾಯಿತು. ಒಳಗೊಂದು ತೂಗುವ ಬಾಗಿಲು. ನೀರು ಹೊರಗೆ ಹೋಗುವಾಗ ತೆರೆಯುತ್ತದೆ, ಹಿಂದಕ್ಕೆ ಬಂದರೆ ಮುಚ್ಚಿಕೊಳ್ಳುತ್ತದೆ.

ವಾಲ್ವ್ ತರಲು ಹೊರಡುವ ಮೊದಲು ಮೊಮ್ಮಗ ಒಂದು ಪ್ರಶ್ನೆ ಕೇಳಿದ. "ಅಂಕಲ್, ಟೆರೇಸ್ ನೀರೂ ಇದೇ ಚೇಂಬರಿಗೆ ಬೀಳುತ್ತಲ್ಲ?"

ಹೋಗಿ ನೋಡಿದರೆ ನಿಜ. ಟೆರೇಸಿನ ಮಳೆನೀರಿನ ಪೈಪು ಕೆಳಗೆ ಬಂದು ಮಣ್ಣೊಳಗೆ ಮರೆಯಾಗಿ, ಓಣಿ ಚೇಂಬರಿಗೆ ಸೇರಿತ್ತು. ಯಾವಾಗ ಯಾರು ಸೇರಿಸಿದರೋ ಮನೆಯವರಿಗೂ ನೆನಪಿಲ್ಲ. ಒಳಚರಂಡಿಗೆ ಮಳೆನೀರು ಬಿಡುವಂತಿಲ್ಲ, ಅದು ಒಂದು ಮಾತು. ಅದಕ್ಕಿಂತ ದೊಡ್ಡ ಮಾತು ಇಲ್ಲಿತ್ತು. ಜೋರು ಮಳೆ ಬಂದು ವಾಲ್ವ್ ಮುಚ್ಚಿಕೊಂಡಿತು ಅಂದುಕೊಳ್ಳಿ. ಅದೇ ಹೊತ್ತಿನಲ್ಲಿ ನಮ್ಮ ಟೆರೇಸಿನ ನೀರು ಮುಚ್ಚಿದ ಬಾಗಿಲ ಹಿಂದೆ ಬಂದು ತುಂಬುತ್ತದೆ. ಸೂರು ಸುಮಾರು 120 ಚದರ ಮೀಟರ್. 50 ಮಿಲಿಮೀಟರ್ ಮಳೆಗೆ 6,000 ಲೀಟರ್. ಹೋಗಲು ಜಾಗವಿಲ್ಲದ ಆ ನೀರು ಚೇಂಬರಿನ ಕೊಳೆಯನ್ನೂ ಎತ್ತಿಕೊಂಡು ಹೊಸ ಬಾತ್‌ರೂಮಿನ ಜಾಲರಿಯವರೆಗೆ ಬರಬಹುದು. ಬೀದಿಯ ಕೊಳಚೆ ತಡೆಯಲು ಹಾಕಿದ ವಾಲ್ವೇ ಮನೆಯೊಳಗೆ ಪ್ರವಾಹ ತರುತ್ತಿತ್ತು. ಮೊದಲು ಮಳೆನೀರು ಬೇರೆಯಾಗಬೇಕು, ಆಮೇಲೆ ವಾಲ್ವ್. ಈ ಕ್ರಮ ತಪ್ಪಿದರೆ ವಾಲ್ವ್ ಇಲ್ಲದಿರುವುದೇ ವಾಸಿ.

ಬೆಂಗಳೂರಿನಲ್ಲಿ ಮಳೆನೀರು ಕೊಯ್ಲು 2009ರ ಜಲಮಂಡಳಿ ಕಾಯ್ದೆ ತಿದ್ದುಪಡಿಯಿಂದ ಕಡ್ಡಾಯವಾಗಿದೆ. 40×60 ಸೈಟಾದರೆ ಹಳೆ ಮನೆಗಳಿಗೂ ಅನ್ವಯ. ಹಾಗಾಗಿ ಇದು ಹೇಗೂ ಆಗಬೇಕಾಗಿದ್ದ ಕೆಲಸ. ಮಗಳು ಜಯನಗರ 5ನೇ ಬ್ಲಾಕಿನಲ್ಲಿರುವ ಜಲಮಂಡಳಿಯ ಮಳೆನೀರು ಕೊಯ್ಲು ಥೀಮ್ ಪಾರ್ಕಿಗೆ ಹೋಗಿ ಮಾದರಿಗಳನ್ನು ನೋಡಿಕೊಂಡು ಬಂದರು. ಹೊಸದಾಗಿ ಕಟ್ಟುವವರು ಅಲ್ಲಿಗೆ ಒಮ್ಮೆ ಹೋಗಿ ಬರುವುದು ಒಳ್ಳೆಯದು. ಫೋಟೋದಲ್ಲಿ ನೋಡುವುದಕ್ಕೂ ಫಿಲ್ಟರನ್ನು ಕೈಯಲ್ಲಿ ಮುಟ್ಟಿ ನೋಡುವುದಕ್ಕೂ ವ್ಯತ್ಯಾಸ ಇದೆ. ಕೊನೆಗೆ, ಮೊದಲ ಮಳೆಯ ಕೊಳೆ ನೀರನ್ನು ಹೊರಗೆ ಬಿಡುವ ವ್ಯವಸ್ಥೆ, ಒಂದು ಫಿಲ್ಟರ್, ಅಲ್ಲಿಂದ ಸಂಪಿಗೆ. ಸಂಪು ತುಂಬಿದ ಮೇಲೆ ಹೆಚ್ಚಾದದ್ದು ಮುಂದಿನ ಇಂಗುಗುಂಡಿಗೆ. ಸಂಪಿನ ಬಾಯಿಯ ಕಟ್ಟೆಯನ್ನೂ ಒಂಬತ್ತಿಂಚು ಎತ್ತರಿಸಿದೆವು.

ಓಣಿಯ ಹೊಸ ಲೈನ್ ಪೋರ್ಟಿಕೋ ಚೇಂಬರಿಗೆ ಬರುವ ಕೊನೆಯ ತುಂಡು ಸಂಪಿಗೆ ಸ್ವಲ್ಪ ಸಮೀಪ ಬರುತ್ತಿತ್ತು. ಅಲ್ಲಿ ಜಾಯಿಂಟ್ ಬರದಂತೆ ಮೂರು ಮೀಟರಿನ ಒಂದೇ ಪೈಪು ಹಾಕಿ, ಸುತ್ತ ಕಾಂಕ್ರೀಟ್ ತುಂಬಿಸಿದೆವು.

ನೀರು ತರುವ ಲೈನ್

ಇದು ಸುಲಭದ ಭಾಗ. ಆದರೂ ಒಂದು ವಾದ ನಡೆಯಿತು.

ಹಳೆಯ ಬಾತ್‌ರೂಮಿನ ಜಿಐ (ಸತು ಲೇಪಿಸಿದ ಕಬ್ಬಿಣದ) ಪೈಪಿನಿಂದ ಒಂದು ಟೀ, ಅಂದರೆ ಮೂರು ಬಾಯಿಯ ಜೋಡಣೆ, ಹೊಡೆದು ಹೊಸದಕ್ಕೆ ನೀರು ಕೊಡುವುದು ಪ್ಲಂಬರಿನ ಮೊದಲ ಯೋಚನೆ. ಹಳೆ ಪೈಪಿನ ಒಂದು ತುಂಡು ಬಿಚ್ಚಿಸಿ ಒಳಗೆ ನೋಡಿದೆವು. ವರ್ಷಗಟ್ಟಲೆ ಬೋರ್‌ವೆಲ್ ನೀರು ಹರಿದು ಉಪ್ಪು, ತುಕ್ಕು ಕಟ್ಟಿ, ಮುಕ್ಕಾಲು ಇಂಚಿನ ಪೈಪಿನಲ್ಲಿ ಕಿರುಬೆರಳೂ ಹೋಗುತ್ತಿರಲಿಲ್ಲ. ಟ್ಯಾಂಕಿನಿಂದಲೇ ಬೇರೆ ಔಟ್‌ಲೆಟ್ ತೆಗೆದು, ಮುಕ್ಕಾಲು ಇಂಚಿನ ಸಿಪಿವಿಸಿ (ಬಿಸಿನೀರನ್ನೂ ತಡೆಯುವ ಪ್ಲಾಸ್ಟಿಕ್) ಲೈನ್ ಹಿತ್ತಲ ಗೋಡೆಯಲ್ಲಿ ನೇರ ಕೆಳಗೆ ಇಳಿಸಿದೆವು. ಪ್ರತಿ ನಲ್ಲಿಗೆ ಅರ್ಧ ಇಂಚಿನ ಕವಲು. ಬಾತ್‌ರೂಮಿನ ಹೊರಗೇ ಒಂದು ಗೇಟ್ ವಾಲ್ವ್, ರಿಪೇರಿ ಬಂದಾಗ ಇಡೀ ಮನೆಯ ನೀರು ನಿಲ್ಲಿಸಬೇಕಿಲ್ಲ.

ಬಿಸಿನೀರಿಗೆ ಟೆರೇಸಿನಲ್ಲಿ ಸೋಲಾರ್ ಇತ್ತು. ಹಳೆ ಲೈನ್ ಹಿಡಿದು ಬಂದರೆ ಸೋಲಾರಿನಿಂದ ಹೊಸ ನಲ್ಲಿಗೆ 60 ಅಡಿ. ಮುಕ್ಕಾಲು ಇಂಚಿನ ಸಿಪಿವಿಸಿಯಲ್ಲಿ ಒಂದು ಮೀಟರಿಗೆ ಸುಮಾರು ಕಾಲು ಲೀಟರ್ ನೀರು ನಿಂತಿರುತ್ತದೆ. ಅಂದರೆ ಬಿಸಿ ಬರುವ ಮೊದಲು ಪ್ರತಿಸಲ ನಾಲ್ಕೂವರೆ ಲೀಟರ್ ತಣ್ಣೀರು ಸುಮ್ನೆ ಮೋರಿಗೆ. ಟೆರೇಸಿನ ಮೇಲೇ ಅಡ್ಡ ತಂದು ಇಳಿಸಿದರೆ 35 ಅಡಿ ಸಾಕಾಯಿತು. ಪೈಪಿಗೆ ಇನ್ಸುಲೇಷನ್ ಸುತ್ತಿಸಿದೆವು. ಮೊದಲ ನೀರು ಬೀಳಲು ಒಂದು ಬಕೆಟ್ ಇಟ್ಟಿರುತ್ತಾರೆ, ಅದು ಗಿಡಕ್ಕೆ ಹೋಗುತ್ತದೆ.

ವಾದ ಬಂದದ್ದು ಪ್ರೆಷರ್ ಪಂಪಿನ ಬಗ್ಗೆ. ಅಳಿಯನಿಗೆ ದೊಡ್ಡ ಶವರ್ ಹಾಕಿಸಿ, ಟ್ಯಾಂಕಿನ ತಣ್ಣೀರು ಲೈನಿಗೆ ಪಂಪ್ ಕೂರಿಸುವ ಆಸೆ. ಟ್ಯಾಂಕು ಟೆರೇಸ್ ರೂಮಿನ ಮೇಲಿದೆ. ಅದರ ತಳಕ್ಕೂ ಶವರಿಗೂ ಸುಮಾರು ನಾಲ್ಕು ಮೀಟರ್. ಹತ್ತು ಮೀಟರಿಗೆ ಒಂದು ಬಾರ್ ಒತ್ತಡ, ಹಾಗಾಗಿ ಇಲ್ಲಿ 0.4 ಬಾರ್. ದೊಡ್ಡ ಶವರಿಗೆ ಅದು ಸಾಲದು ಅನ್ನುವುದು ನಿಜ. ಆದರೆ ತಣ್ಣೀರಿಗೆ ಮಾತ್ರ ಪಂಪ್ ಇಟ್ಟು, ಬಿಸಿನೀರನ್ನು ಸೋಲಾರಿನಿಂದ ತಾನಾಗಿ ಇಳಿಯಲು ಬಿಟ್ಟರೆ ಮಿಕ್ಸರಿನಲ್ಲಿ ಎರಡೂ ಸೇರುವ ಕಡೆ ತಣ್ಣೀರು ಬಿಸಿನೀರನ್ನು ಹಿಂದಕ್ಕೆ ತಳ್ಳುತ್ತದೆ. ಬಿಸಿ ಪೈಪಿನಲ್ಲಿ ತಣ್ಣೀರು ಮೇಲೇರಿ ಸೋಲಾರ್ ಟ್ಯಾಂಕಿಗೆ ಹೋಗಿ, ಅದರ ಗಾಳಿ ಪೈಪಿನಿಂದ ಟೆರೇಸಿಗೆ ಸುರಿಯುತ್ತದೆ. ಸ್ನಾನ ಮಾಡುವವರಿಗೆ ಬಿಸಿನೀರು ಇಲ್ಲ, ಮೇಲೆ ನೀರು ಪೋಲು. ಪಂಪ್ ಬೇಕೆಂದರೆ ಎರಡೂ ಲೈನಿಗೆ ಬೇಕು, ಬಿಸಿನೀರಿನದು ಸೋಲಾರ್ ಟ್ಯಾಂಕಿನಿಂದ ನೀರು ಹೊರಬಂದ ಮೇಲೆ, ನಲ್ಲಿಯ ಕಡೆಗೆ ಕೂರಬೇಕು. ಇಲ್ಲದಿದ್ದರೆ ಯಾವುದಕ್ಕೂ ಬೇಡ.

ಕೊನೆಗೆ ತೀರ್ಮಾನ ಮಾಡಿದವರು ತಂದೆಯೇ. "ನಾನು ಸ್ಟೂಲ್ ಮೇಲೆ ಕೂತು ಬಕೆಟ್ಟು, ಚೊಂಬು ಇಟ್ಕೊಂಡು ಸ್ನಾನ ಮಾಡೋನು. ಶವರ್ ಯಾರಿಗೆ?" ಶವರ್ ಬಿಟ್ಟು, ಕೂತವರ ಕೈಗೆ ಎಟಕುವ ಎತ್ತರಕ್ಕೆ ಮಿಕ್ಸರ್, ಒಂದು ಕೈ ಶವರ್ ಮಾತ್ರ ಹಾಕಿದೆವು. 0.4 ಬಾರ್ ಅದಕ್ಕೆ ಧಾರಾಳ.

ಮುಚ್ಚುವ ಮುಂಚೆ

ಗೋಡೆಗೆ ಪ್ಲಾಸ್ಟರ್ ಆಗುವ ಮೊದಲು ಲೈನಿಗೆ ಹ್ಯಾಂಡ್ ಪಂಪಿನಿಂದ ಒತ್ತಡ ಏರಿಸಿ ರಾತ್ರಿಯಿಡೀ ಬಿಟ್ಟೆವು. ಬೆಳಗ್ಗೆ ಗೇಜಿನ ಮುಳ್ಳು ಇಳಿದಿತ್ತು. ಹುಡುಕಿದರೆ ಮಿಕ್ಸರ್ ಪಾಯಿಂಟಿನ ಹಿತ್ತಾಳೆ ಎಲ್ಬೋದಲ್ಲಿ, ಬೆರಳು ಸವರಿದರೆ ಮಾತ್ರ ಗೊತ್ತಾಗುವಷ್ಟು ತೇವ. ಅದೇ ಗೋಡೆಯ ಆಚೆ ಬದಿಗೆ ತಂದೆಯ ಮಂಚದ ತಲೆದೆಸೆ ಬರುವುದಿತ್ತು. ಟೈಲ್ಸ್ ಆದ ಮೇಲೆ ಇದು ಗೊತ್ತಾಗುತ್ತಿದ್ದದ್ದು ಆ ಬದಿಯಲ್ಲಿ ಬಣ್ಣ ಉಬ್ಬಿದಾಗ. ಎಲ್ಬೋ ಬದಲಾಯಿಸಿ, ಇನ್ನೊಂದು ರಾತ್ರಿ ಬಿಟ್ಟು, ಮುಳ್ಳು ಅಲುಗದಿದ್ದ ಮೇಲೆ ಮುಂದಕ್ಕೆ ಹೋದೆವು. ಕೊಳೆ ಲೈನಿನ ಬಾಯಿ ಕಟ್ಟಿ ನೀರು ತುಂಬಿಸಿ ಅದನ್ನೂ ನೋಡಿದೆವು. ವಾಟರ್ ಪ್ರೂಫಿಂಗ್ ಎರಡು ಕೋಟ್ ಆದ ಮೇಲೆ ನೆಲದಲ್ಲಿ ನೀರು ಕಟ್ಟಿ ಎರಡು ದಿನ ನಿಲ್ಲಿಸಿದೆವು.

ಇನ್ನೊಂದು ಕೆಲಸ ಮಾಡಿಸಿದೆ. ಪ್ಲಾಸ್ಟರಿಗೆ ಮುಂಚೆ ನಾಲ್ಕೂ ಗೋಡೆಯ ಫೋಟೋ, ಪ್ರತಿ ಪೈಪಿನ ಪಕ್ಕ ಟೇಪ್ ಹಿಡಿದು. ನೆಲದಿಂದ ಎಷ್ಟು, ಮೂಲೆಯಿಂದ ಎಷ್ಟು ಅಂತ ಫೋಟೋದಲ್ಲೇ ಓದಬಹುದು. ಮೊಮ್ಮಗ ಅವನ್ನೆಲ್ಲ ಮನೆಯವರ ವಾಟ್ಸಾಪ್ ಗುಂಪಿಗೆ ಹಾಕಿದ.

ಏನಾಯಿತು

ಬಾತ್‌ರೂಮು ಬಳಕೆಗೆ ಬಂದ ಕೆಲವು ವಾರಕ್ಕೆ ಫಿಸಿಯೋಥೆರಪಿ ಮಾಡುವವರು ಮನೆಗೆ ಬಂದು, ಕಮೋಡಿನ ಎಡಕ್ಕೆ ಹಾಕಿದ್ದ ಹಿಡಿಕಂಬಿ ಬಲಕ್ಕೂ ಬೇಕು ಅಂದರು. ಎದ್ದೇಳುವಾಗ ತಂದೆ ಬಲಗೈ ಮೇಲೆ ಭಾರ ಹಾಕುತ್ತಿದ್ದರು. ಬಲಗೋಡೆಯಲ್ಲೇ ಎರಡೂ ಸಿಪಿವಿಸಿ ಲೈನ್ ಇಳಿದಿದ್ದವು. ಡ್ರಿಲ್ ಹಿಡಿದು ಬಂದ ಹುಡುಗನಿಗೆ ಮಗಳು ಫೋನಿನಲ್ಲಿ ಫೋಟೋ ತೆಗೆದು ತೋರಿಸಿದರು. ಅವನು ಗುರುತು ಹಾಕಿಕೊಂಡಿದ್ದ ಒಂದು ತೂತು ಸರಿಯಾಗಿ ಬಿಸಿನೀರು ಪೈಪಿನ ಮೇಲೆ ಬರುತ್ತಿತ್ತು. ಮೂರಿಂಚು ಸರಿಸಿ ಕೊರೆದ.

ಮಳೆಗಾಲದ ಪರೀಕ್ಷೆಯೂ ಆಯಿತು. ಮೇ ತಿಂಗಳ ಒಂದು ಸಂಜೆ ಜೋರು ಮಳೆಗೆ ರಸ್ತೆಯ ಮ್ಯಾನ್‌ಹೋಲ್ ಉಕ್ಕಿತು. ಅದೇ ಸಾಲಿನ ತಗ್ಗಿನ ಒಂದು ಮನೆಯ ಕೆಳಗಿನ ಬಾತ್‌ರೂಮಿಗೆ ಕೊಳಚೆ ನುಗ್ಗಿತು. ಇಲ್ಲಿ ಬರಲಿಲ್ಲ. ವಾಲ್ವ್ ಮುಚ್ಚಿಕೊಂಡಿತ್ತು. ಟೆರೇಸಿನ ನೀರು ಸಂಪು ತುಂಬಿಸಿ ಇಂಗುಗುಂಡಿಗೆ ಹೋಯಿತು.

ಆದರೆ ವಾಲ್ವ್ ಮುಚ್ಚಿರುವಷ್ಟು ಹೊತ್ತು ಮನೆಯ ಕೊಳೆಯೂ ಹೊರಗೆ ಹೋಗುವಂತಿಲ್ಲ. ಆ ಹೊತ್ತಲ್ಲಿ ಅಡುಗೆಮನೆಯಲ್ಲಿ ಪಾತ್ರೆ ತೊಳೆಯುತ್ತಿದ್ದರು, ತಂದೆ ಒಮ್ಮೆ ಫ್ಲಶ್ ಮಾಡಿದರು. ಪೋರ್ಟಿಕೋ ಚೇಂಬರಿನಲ್ಲಿ ನೀರು ಅರ್ಧಕ್ಕಿಂತ ಮೇಲೇರಿತ್ತು. ಈಗ ಮನೆಯಲ್ಲಿ ಒಂದು ನಿಯಮ ಇದೆ: ಬೀದಿಯಲ್ಲಿ ನೀರು ನಿಂತರೆ ಸಿಂಕು, ವಾಷಿಂಗ್ ಮಷೀನ್ ಬಂದ್. ವಾಲ್ವ್ ಹಾಕಿಸಿಕೊಳ್ಳುವ ಪ್ರತಿ ಮನೆಗೂ ಇದನ್ನು ಮೊದಲೇ ಹೇಳಬೇಕು. ಅಂಗಡಿಯವರು ಹೇಳುವುದಿಲ್ಲ.

ವಾಲ್ವಿಗೆ ಆರೈಕೆಯೂ ಬೇಕು. ಎರಡು ತಿಂಗಳಿಗೊಮ್ಮೆ ತೆರೆದು ತೊಳೆಯುವುದೆಂದು ಮೊದಲೇ ಮಾತಾಗಿತ್ತು. ಮೊದಲ ಸಲ ತೆರೆದಾಗಲೇ ಒಂದು ಒದ್ದೆ ಟಿಶ್ಯೂ ಬಾಗಿಲಿಗೆ ಸಿಕ್ಕಿಕೊಂಡು, ಅದು ಪೂರ್ತಿ ಮುಚ್ಚದಂತೆ ತಡೆದಿತ್ತು. ಆ ಹೊತ್ತಿನಲ್ಲಿ ಜೋರು ಮಳೆ ಬಂದಿದ್ದರೆ ವಾಲ್ವ್ ಇದ್ದೂ ಇಲ್ಲದಂತೆ. ತಂದೆಯ ಆರೈಕೆಗೆ ತಂದ ಟಿಶ್ಯೂಗಳು ಅವು. ಕಮೋಡಿನ ಪಕ್ಕ ಮುಚ್ಚಳದ ಡಬ್ಬಿ ಬಂತು. ಚೇಂಬರಿನ ಮೇಲೆ ತುಳಸಿ ಕುಂಡ ವಾಪಸ್ ಇಡಲಿಲ್ಲ, ಅದು ಈಗ ಗೇಟಿನ ಪಕ್ಕ ಇದೆ.

ತಂದೆ ಈಗ ರಾತ್ರಿ ಒಬ್ಬರೇ ಎದ್ದು ಹೋಗಿ ಬರುತ್ತಾರೆ. ರೂಮಿನ ನೆಲದಿಂದ ಬಾತ್‌ರೂಮಿಗೆ ಅಡ್ಡ ಏನೂ ಇಲ್ಲ, ಮೂರಡಿ ಬಾಗಿಲು, ವಾಕರ್ ನೇರ ಹೋಗುತ್ತದೆ. ನೀರು ರೂಮಿಗೆ ಹರಿಯದಂತೆ ಬಾಗಿಲಲ್ಲಿ ಒಂದು ಉದ್ದ ಜಾಲರಿ ಹಾಕಿದ್ದೇವೆ, ಅದೂ ನೆಲದ ಮಟ್ಟಕ್ಕೇ. ಹಳೆ ಬಾತ್‌ರೂಮಿನಲ್ಲಿ ನೀರು ನಿಲ್ಲುವುದೂ ಹೋಯಿತು, ಆಸಿಡ್ ಬಾಟಲಿ ಮನೆಗೆ ಬರುವುದು ನಿಂತಿದೆ.

ಬಾಕಿ ಇರುವುದು ಹಳೆ ಬಾತ್‌ರೂಮು, ಅಡುಗೆಮನೆಗಳ ಜಿಐ ಲೈನ್. ಅದನ್ನು ಈ ಸಲ ಮುಟ್ಟಲಿಲ್ಲ, ಹಣ ಮುಗಿದಿತ್ತು. ಟ್ಯಾಂಕಿನ ಹತ್ತಿರ ಹೊಸ ಲೈನಿಗೆ ಒಂದು ಟೀ ಇಟ್ಟು, ಬಾಯಿಗೆ ಕ್ಯಾಪ್ ಬಿಗಿದು ಬಿಟ್ಟಿದ್ದೇವೆ. ಮುಂದಿನ ವರ್ಷ ಅಡುಗೆಮನೆ ಕೆಲಸ ಎತ್ತಿಕೊಂಡಾಗ ಹೊಸ ಪೈಪು ಅಲ್ಲಿಂದ ಶುರುವಾಗುತ್ತದೆ.